ಅಫೋರ್ಡ್ ಕಲಿತ ಸೋಫಾ ಯಜಮಾನರು

ಸೋಫಾ ರಿಪೇರಿ ಅಂಗಡಿಯ ಯಜಮಾನರಿಗೆ ಒಂದು ಚಾಳಿಯಿತ್ತು. ಯಾವ ವಸ್ತುವಿನ ಬೆಲೆ ತಮ್ಮ ಜೇಬಿಗೆ ನಿಲುಕುವುದಿಲ್ಲವೋ, ಆ ವಸ್ತುವೇ ಅವರ ಕಣ್ಣಿಗೆ ಕೂಡಲೇ ಕೆಟ್ಟದಾಗಿ ಕಾಣುತ್ತಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ ಕನ್ನಡಿ ಕೂರಿಸಿದ ಕಪಾಟೊಂದನ್ನು ಆಸೆಯಿಂದ ಸವರಿ ನೋಡಿದಾಗ, ಬೆಲೆಚೀಟಿ ತಿರುಗಿಸಿದವರೇ, "ಥೂ, ಇದೂ ಒಂದು ಮರಾನಾ? ವರ್ಷದೊಳಗೆ ಹುಳ ಹಿಡಿಯುತ್ತೆ" ಅಂದುಬಿಟ್ಟರು. ಆಕೆಯೂ ತಲೆಯಾಡಿಸಿ, "ಹೌದೌದು, ಬಾಗಿಲು ಬೇರೆ ಕಿರ್ ಅನ್ನುತ್ತೆ" ಅಂದಳು. ಬಾಗಿಲು ಕಿರ್ ಅಂದಿರಲೇ ಇಲ್ಲ! ಮುಂದೆ ಅದೇ ಮನೆಯ ರೂಢಿಯಾಯಿತು. ಮಗ ಸೈಕಲ್ ಕೇಳಿದರೆ ಆ ಕಂಪನಿಯ ಬ್ರೇಕ್ ಸರಿಯಿಲ್ಲ. ಸಮುದ್ರ ನೋಡಿ ಬರೋಣ ಅಂದರೆ ಉಪ್ಪುಗಾಳಿ ಮೈಗೆ ಒಗ್ಗುವುದಿಲ್ಲ. 'ನಮ್ಮ ಕೈಲಿ ಆಗಲ್ಲ' ಅನ್ನುವ ಮಾತೊಂದು ಮಾತ್ರ ಆ ಬಾಯಿಂದ ಬಂದದ್ದೇ ಇಲ್ಲ. ಜಂಭ ಅನ್ನಿ, ಬೇಕಾದರೆ. ನಾನೇನೂ ತಕರಾರು ಮಾಡುವುದಿಲ್ಲ.

ಅಂಥವರ ಹೆಂಡತಿಗೆ ಕಿವಿ ಮಂದವಾಗುತ್ತ ಬಂತು.

ಅಂಗಡಿಯಲ್ಲಿ ಇವರು ಹಳೆಯ ಸ್ಪಂಜು ಕಿತ್ತು ಹೊಸದು ತುಂಬುವವರು, ಆಕೆ ಕವರ್ ಹೊಲಿಯುವಾಕೆ. ದಿನವಿಡೀ ಇವರ ಬಾಯಿ ಸುಮ್ಮನಿರುವುದಿಲ್ಲ, ಒಂದಲ್ಲ ಒಂದು ಜೋಕು, ಅದಕ್ಕೆ ನಗುವ ಪ್ರಾಣಿ ಲೋಕದಲ್ಲಿ ಆಕೆಯೊಬ್ಬಳೇ. ಮೊದಮೊದಲು ಆಕೆ ಜೋಕು ಮುಗಿದು ಸ್ವಲ್ಪ ಹೊತ್ತಾದ ಮೇಲೆ ನಗುತ್ತಿದ್ದಳು. ಆಮೇಲೆ ಎಲ್ಲದಕ್ಕೂ ಒಂದೇ ನಗು. ಗಿರಾಕಿಯೊಬ್ಬರು ತೀರಿಕೊಂಡ ತಮ್ಮನ ವಿಷಯ ಹೇಳಿದಾಗಲೂ ಅದೇ ನಗು ನಕ್ಕಳು. ಎದುರಿಗಿದ್ದವರ ಮುಖ ಕಂಡು ತಪ್ಪಾಯಿತೆಂದು ಗೊತ್ತಾಗಿ, ಅಂದಿನಿಂದ ಬಾಗಿಲಿಗೆ ಬೆನ್ನು ಹಾಕಿ ಕೂರತೊಡಗಿದಳು. ಯಜಮಾನರು ಕೆಲಸ ಬಿಟ್ಟು ಆ ಬೆನ್ನನ್ನೇ ನೋಡಿದರು. ಇವಳು ಹೀಗೇ ಒಳಗೊಳಗೇ ಮುದುಡಿಹೋದರೆ ತಾನು ಯಾರ ಹತ್ತಿರ ಮಾತಾಡೋದು?

ಸೊಸೆ ವಿಚಾರಿಸಿಕೊಂಡು ಬಂದಳು. ಕಿವಿಗೆ ಮಷೀನು ಕೊಡುವ ಡಾಕ್ಟರಮ್ಮ ಒಬ್ಬರಿದ್ದಾರೆ, ಒಳ್ಳೆಯವರು, ಆದರೆ ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಅಷ್ಟು ದುಡ್ಡು ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಿದವರಿಗೆ ಬೆಲೆ ಇಳಿಸುತ್ತಾರೆ. ಹೇಳದವರಿಗೆ ಪೂರ್ತಿ ಬಿಲ್ಲು.

"ನಂಗೆ ರಜೆ ಸಿಗಲ್ಲ ಮಾವ. ಒಂದೇ ಒಂದು ವಾಕ್ಯ, ಕಲ್ತ್ಕೊಂಬಿಡಿ. ಐ ಕಾಂಟ್ ಅಫೋರ್ಡ್ ಇಟ್. ಅಂದ್ರೆ, ಈ ಬೆಲೆ ಆಗಲ್ಲ ಅಂತ."

"ಚೀಟೀಲಿ ಬರ್ಕೊಡಮ್ಮ, ತೋರಿಸ್ತೀನಿ."

"ಚೀಟಿ ಕೊಟ್ರೆ ನೀವು ಅದನ್ನ ಜೇಬಲ್ಲೇ ಇಟ್ಕೊಂಡು ಬರ್ತೀರ. ನಿಮ್ಮನ್ನ ನಾನು ನೋಡಿಲ್ವಾ?"

ಯಜಮಾನರು ಪೆಚ್ಚಾದರು. ಹುಡುಗಿ ಸರಿಯಾಗಿಯೇ ಹಿಡಿದಿದ್ದಳು.

ಪಾಠ ಅಂಗಡಿಯಲ್ಲೇ ಶುರುವಾಯಿತು, ಹೆಂಡತಿಯ ಎದುರಿಗೇ. ಹೇಗೂ ಆಕೆಗೆ ಕೇಳಿಸುವುದಿಲ್ಲವಲ್ಲ! ಯಜಮಾನರಿಗೆ 'ಅಫೋರ್ಡ್' ಅಂದರೆ 'ಗಿಟ್ಟೋದು' ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ದಿವಾನ್‌ಗೆ ಚೌಕಾಸಿ ಮಾಡುತ್ತಿದ್ದ ಗಿರಾಕಿಗೆ, ಈ ರೇಟಿಗೆ ಗಿಟ್ಟಲ್ಲ ಸ್ವಾಮಿ ಅನ್ನುವ ಬದಲು, ದೊಡ್ಡ ಗತ್ತಿನಿಂದ "ಯು ಕಾಂಟ್ ಅಫೋರ್ಡ್ ಇಟ್" ಅಂದರು. ಆ ಮನುಷ್ಯ ಕೆಂಪಗಾಗಿ ಎದ್ದು ಹೋದವನು ತಿರುಗಿ ನೋಡಲಿಲ್ಲ. ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮಾವ, ಅದು ನಿಮ್ಮ ಬಗ್ಗೆ ಹೇಳ್ಕೊಳ್ಳೋ ಮಾತು. ಅವರನ್ನ ಅನ್ನೋದಲ್ಲ."

"ಅದೇ ಕಷ್ಟ ಕಣಮ್ಮ" ಅಂದರು ಯಜಮಾನರು, ಮೊಳೆ ಹುಡುಕುವ ನೆವದಲ್ಲಿ ಬಗ್ಗಿ.

ಹೋಗುವ ದಿನ ಬಂತು. ಯಜಮಾನರು ಇಸ್ತ್ರಿ ಅಂಗಿ ಹಾಕಿಕೊಂಡು, ಹೆಂಡತಿಯ ಜೊತೆ ಬಸ್ಸಿನಲ್ಲಿ ಉದ್ದಕ್ಕೂ ತುಟಿ ಆಡಿಸುತ್ತ ಹೋದರು. ಡಾಕ್ಟರಮ್ಮನ ಕೋಣೆ ಸಣ್ಣದು. ಗೋಡೆಗೆಲ್ಲ ದಪ್ಪ ಬಟ್ಟೆ ಬಡಿದಿತ್ತು, ಹೊರಗಿನ ಗದ್ದಲ ಸುಳಿಯುತ್ತಿರಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಹುಣಸೆಬೀಜದಷ್ಟಿದ್ದ ಎರಡು ಮಷೀನುಗಳನ್ನು ಹೆಂಡತಿಯ ಎರಡೂ ಕಿವಿಗೆ ಸಿಕ್ಕಿಸಿ, ಮಾತಾಡಿ ಅಂತ ಇವರಿಗೆ ಸನ್ನೆ ಮಾಡಿದರು.

"ಏ ಇವಳೇ, ಕೇಳಿಸ್ತಿದೆಯಾ?"

ಆಕೆ ಬೆಚ್ಚಿದಳು. ಆಮೇಲೆ ಕಣ್ಣು ತುಂಬಿಕೊಂಡಿತು. "ಕೂಗ್ಬೇಡ್ರಿ" ಅಂದಳು. ಇವರು ಕೂಗಿರಲಿಲ್ಲ. "ಅಯ್ಯೋ, ನಿಮ್ಮ ದನಿ ಯಾವಾಗ ಇಷ್ಟು ಗೊಗ್ಗರಾಯ್ತು? ವಯಸ್ಸಾಗೋಯ್ತಲ್ರೀ ನಿಮ್ಗೆ!"

ಯಜಮಾನರು ಏನೋ ಹೇಳಹೊರಟರು. ಅಷ್ಟರಲ್ಲಿ ಡಾಕ್ಟರಮ್ಮ ಬೆಲೆ ಬರೆದ ಕಾಗದ ಮುಂದೆ ತಳ್ಳಿದರು. ನೋಡಿದ್ದೇ ತಡ, ಕಲಿತ ಇಂಗ್ಲಿಷೆಲ್ಲ ಹಾರಿಹೋಗಿ, ಹಳೆಯ ನಾಲಗೆ ತಾನಾಗಿ ಹೊರಳಿತು. "ಎಂಥ ಬಣ್ಣ ಈ ಮಷೀನಿಂದು, ಅಸಹ್ಯವಾಗಿದೆ. ಬೆವರು ತಾಗಿದ್ರೆ ಕೆಟ್ಟುಹೋಗುತ್ತೆ."

ಹೆಂಡತಿ ಅವರ ಮುಖ ನೋಡಿದಳು, ಕಾಗದ ನೋಡಿದಳು. ಒಂದು ಮಾತೂ ಕೇಳದೆ ಕಿವಿಗೆ ಕೈ ಹಾಕಿ, ಒಂದು ಮಷೀನು ತೆಗೆದು ಮೇಜಿನ ಮೇಲಿಟ್ಟಳು. "ಹೌದ್ರೀ, ಒತ್ತುತ್ತೆ ಬೇರೆ. ನಂಗೆ ಬೇಡ" ಅಂದು, ಇನ್ನೊಂದಕ್ಕೂ ಕೈ ಹಾಕಿದಳು. ಮುಖದಲ್ಲಿ ಅದೇ ನಗು, ಎಲ್ಲದಕ್ಕೂ ನಗುತ್ತಿದ್ದಳಲ್ಲ, ಅದೇ.

ಯಜಮಾನರಿಗೆ ಆಗ ಹೊಳೆಯಿತು. ಇಷ್ಟು ವರ್ಷ ತಾನು ಹೇಳಿದ ಒಂದೊಂದು ಸುಳ್ಳಿಗೂ ಇವಳು ಹೀಗೇ ಕೈಜೋಡಿಸುತ್ತ ಬಂದಳೇ! ಥಟ್ಟನೆ ಅವಳ ಕೈ ಹಿಡಿದುಕೊಂಡರು.

"ಐ ಕಾಂಟ್ ಅಫೋರ್ಡ್ ಇಟ್" ಅಂದರು. ಈ ಸಲ ಒಂದಕ್ಷರ ತಪ್ಪಲಿಲ್ಲ.

ಡಾಕ್ಟರಮ್ಮ ಮೆಲ್ಲಗೆ ತಲೆಯಾಡಿಸಿದರು.

"ಏನಂದ್ರಿ ಅವ್ರಿಗೆ?" ಹೆಂಡತಿ ಕೇಳಿದಳು.

ಇದಕ್ಕೆ ಸೊಸೆ ಪಾಠ ಹೇಳಿಕೊಟ್ಟಿರಲಿಲ್ಲ. ಯಜಮಾನರು ಮಷೀನು ಇನ್ನೂ ಇದ್ದ ಕಿವಿಯ ಹತ್ತಿರ ಬಗ್ಗಿದರು. "ನಮ್ಮ ಕೈಲಿ ಆಗಲ್ಲ ಅಂದೆ. ಬಣ್ಣ ಚೆನ್ನಾಗೇ ಇದೆ ಕಣೇ. ದುಡ್ಡು ಸಾಲಲ್ಲ."

"ಗೊತ್ತು" ಅಂದಳು ಆಕೆ. "ನಂಗೆ ಯಾವತ್ತು ಗೊತ್ತಿರಲಿಲ್ಲ? ನೀವು ಹೇಳಿದ್ರಲ್ಲ, ಅಷ್ಟು ಸಾಕು ಬಿಡಿ."

ಡಾಕ್ಟರಮ್ಮ ಕಾಗದದ ಅಂಕಿ ಹೊಡೆದುಹಾಕಿ, ಕೆಳಗೆ ಅದರ ಅರ್ಧ ಬರೆದರು. ಅರ್ಧವೂ ಹೆಚ್ಚೇ. "ಹೌ ಮಚ್ ಕ್ಯಾನ್ ಯು ಅಫೋರ್ಡ್?" ಅಂತ ಕೇಳಿದರು. ಆಗಲ್ಲ ಅನ್ನುವುದಕ್ಕಷ್ಟೇ ಇದ್ದ ಮಾತು ಆಗುತ್ತೆ ಅನ್ನುವುದಕ್ಕೂ ಬರುತ್ತದೆಂದು ಯಜಮಾನರಿಗೆ ಆಗಲೇ ತಿಳಿದದ್ದು. ಮನಸ್ಸಿನಲ್ಲೇ ಲೆಕ್ಕ ಹಾಕಿ, ಒಂದು ಬೆರಳೆತ್ತಿ, ಮೇಜಿನ ಮೇಲಿದ್ದ ಮಷೀನು ತೋರಿಸಿದರು.

"ಐ ಕ್ಯಾನ್ ಅಫೋರ್ಡ್ ಒನ್."

ಒಂದೇ ಅಂದ ಮೇಲೆ ಯಾವ ಕಿವಿಗೆ? ಡಾಕ್ಟರಮ್ಮ ಬಲಗಿವಿ ಮುಟ್ಟಿ, ಇದರಲ್ಲೇ ಹೆಚ್ಚು ಕೇಳಿಸುತ್ತದೆ ಅಂತ ಸನ್ನೆಯಲ್ಲಿ ತಿಳಿಸಿದರು. ಹೆಂಡತಿ ಒಪ್ಪಲಿಲ್ಲ. ಎಡಗಿವಿಯನ್ನೇ ಮುಂದೆ ಮಾಡಿದಳು.

"ಎಡಕ್ಕೇ ಇರಲಿ ಅನ್ನಿ. ಅಂಗಡೀಲಿ ನೀವು ಕೂರೋದು ಆ ಕಡೇನೇ."

ಯಜಮಾನರು ಮುಖ ಒರೆಸಿಕೊಂಡರು. "ಹುಚ್ಚಿ, ಚೆನ್ನಾಗಿ ಕೇಳಿಸೋ ಕಿವಿಗೇ ಹಾಕಿಸ್ಕೊ. ನಾನು ಈ ಕಡೆ ಬಂದು ಕೂರ್ತೀನಿ."