ಸ್ವಿಚ್ಚಿನ ಗೆರೆಯಲ್ಲಿ ಕುಂಕುಮ

ಬಸ್ಸಿನ ಸ್ಟೇರಿಂಗಿಗೆ ಕಟ್ಟಿದ ಚೆಂಡುಹೂವು ಒಣಗಿ ಕಂದಿದೆ, ಖಂಡೇನವಮಿ ಮುಗಿದು ಹನ್ನೆರಡು ದಿನ, ಗೇರಿನ ಮೇಲಿನ ಕುಂಕುಮದ ಬೊಟ್ಟು ಇನ್ನೂ ಹಾಗೇ ಇದೆ, ಈ ಡ್ರೈವರ್ ಒರೆಸಿಲ್ಲ, ಜಾಣ, ಒರೆಸದೆ ಬಿಟ್ಟವನಿಂದ ಯಾರಿಗೂ ಏನೂ ಆಗುವುದಿಲ್ಲ — ಪುಢೇ ಸರಕಾ, ಮುಂದೆ ಸರೀರಿ, ಮರಾಠಿ ಕಂಡಕ್ಟರ್ ಬೆನ್ನಿಗೆ ಕೈ ಹಚ್ಚಿ ನೂಕುತ್ತಾನೆ, ಸರಿಯುತ್ತೇನೆ, ಬಿಬವೇವಾಡಿಯಿಂದ ಸರಿಯುತ್ತಲೇ ಇದ್ದೇನೆ, ಹನ್ನೊಂದಕ್ಕೆ ಶಿವಾಜಿನಗರದಲ್ಲಿ ವಿಚಾರಣೆ, ನೀಲಿಮಾ ಮೇಡಂ ಅವರ ವಿಮಾನ ಹಾರಿಸುವ ಲೈಸೆನ್ಸ್ ಇರುತ್ತದೋ ಹೋಗುತ್ತದೋ ಇವತ್ತು ತೀರ್ಮಾನ, ನಾನು ಸಾಕ್ಷಿ, ಸಿದ್ದಾರೂಢ, ಫ್ಲೈಯಿಂಗ್ ಕ್ಲಬ್ಬಿನಲ್ಲಿ ವಿಮಾನ ಒರೆಸುವವನು, ಪಟ್ಟಿ ಓದುವವನು. ಸಂಜೆ ಕ್ಲಾಸಿನಲ್ಲಿ ಇಂಗ್ಲಿಷ್ ಕಲಿತದ್ದೇ ಆ ಪಟ್ಟಿ ಓದಲಿಕ್ಕೆ, ಹಾರುವ ಮೊದಲು ನಾನು ಒಂದೊಂದೇ ಹೆಸರು ಓದಬೇಕು, ಮೇಡಂ ಮುಟ್ಟಿ ಆಯ್ತು ಅನ್ನಬೇಕು. ಖಂಡೇನವಮಿ ದಿನ ವಿಮಾನದ ಒಳಗಿನ ಒಂದು ಗಡಿಯಾರ, ಒಂದು ಸ್ವಿಚ್ಚನ್ನೂ ಬಿಡದೆ ಬೊಟ್ಟಿಟ್ಟಿದ್ದೆ, ಒಂದಕ್ಕಿಟ್ಟು ಒಂದಕ್ಕೆ ಬಿಟ್ಟರೆ ಹೇಗೆ ಅಂತ, ಮೇಡಂ ನಕ್ಕಿದ್ದರು, ಏನ್ ಸಿದ್ದಾರೂಢಣ್ಣ, ವಿಮಾನಕ್ಕ ಮದುವಿ ಮಾಡ್ಲಿಕ್ಕ ಹೊಂಟೀರೇನು, ಹುಡುಗ ಯಾರು, ಮುಂಬೈ ಬೋಯಿಂಗೇನು? ಮೇಡಂ ಬೆಳಗಾವಿಯವರು, ಈಗ ಇಲ್ಲೇ ನಿಗಡಿಯಲ್ಲಿ ಮನೆ, ಕ್ಲಬ್ಬಿನಲ್ಲಿ ನನ್ನ ಜೋಡಿ ಕನ್ನಡ ಮಾತಾಡುವವರು ಅವರೊಬ್ಬರೇ. ಹಾರಲು ಕಲಿಯುವವರಿಗೆ ಇಂಗ್ಲಿಷಿನಲ್ಲಿ ಹೇಳಿ ನನಗಾಗಿ ಕನ್ನಡದಲ್ಲೂ ಹೇಳುತ್ತಿದ್ದರು, ನಾನು ರೆಕ್ಕೆ ಒರೆಸುತ್ತ ಕೇಳುತ್ತಿದ್ದೆ, ದೊಡ್ಡ ವಿಮಾನ ಇಳಿಯೋ ದಾರಿ ಕೆಳಗ ಇರ್ರಿ, ರೇಡಿಯೋ ಕೇಳ್ರಿ, ಕತ್ತು ತಿರಗಸ್ತಾ ಇರ್ರಿ, ಅವರು ನಮ್ಮನ್ನ ನೋಡ್ಯಾರ ಅಂತ ಎಂದೂ ನಂಬಬ್ಯಾಡ್ರಿ, ನಾವು ಸೊಳ್ಳಿ ಇದ್ದಂಗ, ಅವರಿಗೆ ನಮ್ಮನ್ನ ತೋರಸೋದು ಈ ಟ್ರಾನ್ಸ್‌ಪಾಂಡರ್, ಇದು ಬಂದಾದ್ರ ನಾವು ಇಲ್ಲ ಅಂತ ತಿಳೀರಿ. ಬಂದಾಗಿತ್ತು. ದಸರೆಯ ಮಾರನೇ ದಿನ ಮೇಡಂ ಒಬ್ಬರೇ ಹೊರಟಿದ್ದರು, ಟ್ರಾನ್ಸ್‌ಪಾಂಡರ್ ಅಂತ ಓದಿದೆ, ಅವರು ಸ್ವಿಚ್ ತಿರುವಿದರು, ಆಯ್ತು ಅಂದರು, ನಾನು ನೋಡಿದೆ, ಕಣ್ಣಾರೆ ನೋಡಿದೆ, ಆಮೇಲೆ ಅವರು ಬೆಲ್ಟ್ ಕಟ್ಟಿಕೊಳ್ಳಲು ಆ ಕಡೆ ತಿರುಗಿದಾಗ ಸ್ವಿಚ್ಚಿನ ಗೆರೆಯಲ್ಲಿ ಕುಂಕುಮ ಉಳಿದದ್ದು ಕಾಣಿಸಿತು, ಎಲ್ಲ ಒರೆಸಿದ್ದೆ, ಅದೊಂದು ಉಳಿದಿತ್ತು, ಬಾಗಿಲಿನಿಂದ ಬಗ್ಗಿ ಕರವಸ್ತ್ರ ಸುತ್ತಿದ ಹೆಬ್ಬೆರಳಿನಿಂದ ಒರೆಸಿದೆ, ಕಟ್ ಅಂತು, ಬಾಗಿಲ ಚಿಲಕ ಅಂದುಕೊಂಡೆನೇ, ಅಂದುಕೊಂಡೆನೋ, ಹಾಗೆ ಅಂದುಕೊಂಡೆ ಅಂತ ಆಮೇಲೆ ಹೇಳಿಕೊಂಡೆನೋ. ನಲವತ್ತು ನಿಮಿಷಕ್ಕೆ ಮರಳಿ ಬಂದರು, ಇಳಿದವರೇ ಗಾಲಿಯ ಹತ್ತಿರ ಕೂತುಬಿಟ್ಟರು, ದೊಡ್ಡ ವಿಮಾನ ಮೋಡದಿಂದ ನೆಟ್ಟಗ ನನ್ನ ಮ್ಯಾಲೆ ಇಳೀತು ಅಣ್ಣ, ನಂದನ್ನ ಗಕ್ಕನ ಕೆಳಗಿಳಿಸಿದೆ, ಕಿಟಕ್ಯಾಗ ಒಂದು ಕೂಸು ಕಂಡ್ತು, ಕಂಡ್ತು ಅಂದ್ರ ನೋಡ್ರಿ ಎಷ್ಟು ಹತ್ರ. ಅದರಲ್ಲಿ ನೂರೆಂಬತ್ತು ಜನರಿದ್ದರಂತೆ. ಅವರ ಯಂತ್ರಕ್ಕೆ ಮೇಡಂ ಕಾಣಲೇ ಇಲ್ಲವಂತೆ. ಆಮೇಲೆ ಕೇಳಿದರು, ಅಣ್ಣಾ, ಖರೇ ಹೇಳ್ರಿ, ನಾ ಸ್ವಿಚ್ ತಿರುವಿದ್ನೇನು, ನಿಮಗ ನೆನಪದ ಏನು, ಮತ್ತು ನಾನು — ಗೊತ್ತಿಲ್ರಿ ಮೇಡಂ, ನಾ ಬಾಗಿಲ ಕಡೆ ನೋಡ್ಲಿಕ್ಕತ್ತಿದ್ದೆ. ಅಷ್ಟು ಸಲೀಸಾಗಿ. ಹದಿನಾರು ವರ್ಷ ಒಂದು ಸ್ಕ್ರೂ ತಪ್ಪಿಸದವನು. ಹಂಗಾರ ನಾನ ಮರತಿರಬೇಕು ಅಂದರು, ನಂಬಿಬಿಟ್ಟರು, ಅಂದಿನಿಂದ ಏನು ಮುಟ್ಟಿದರೂ ಎರಡೆರಡು ಸಲ ಮುಟ್ಟುತ್ತಾರೆ, ಗಾಡಿಯ ಕೀಲಿ, ಬಾಗಿಲು, ನೀರಿನ ಬಾಟಲಿಯ ಮುಚ್ಚಳ. ರುದ್ರವ್ವ ಬೆಳಿಗ್ಗೆ ಡಬ್ಬಿ ಕೊಡುತ್ತ, ಯಾಕ ಮಾರಿ ಸಣ್ಣ ಮಾಡ್ತೀರಿ, ನೀವೇನು ತಪ್ಪು ಮಾಡಿಲ್ಲಲ್ಲ, ಅಂದಳು, ಹೆಂಡತಿ, ಅವಳಿಗೂ ಹೇಳಿಲ್ಲ, ಕೆಲಸ ಹೋದರೆ ಐವತ್ತೆರಡರಲ್ಲಿ ನನ್ನನ್ನು ಯಾರು ಕರೆಯುತ್ತಾರೆ.

ಶಿವಾಜಿನಗರ, ಮೆಟ್ಟಿಲು, ಫ್ಯಾನು, ಉದ್ದ ಮೇಜು, ಮೇಡಂ ಆಗಲೇ ಕೂತಿದ್ದಾರೆ, ತಮ್ಮ ಬಲಗೈಯನ್ನೇ ನೋಡುತ್ತಿದ್ದಾರೆ, ಬೇರೆ ಯಾರದೋ ಕೈ ನೋಡುವಂತೆ, ನನ್ನನ್ನು ಕಂಡು ನಕ್ಕರು, ಊಟ ಆತೇನು ಅಣ್ಣ ಅಂದರು, ಇಂಥ ಹೊತ್ತಿನಲ್ಲೂ, ವಿಚಾರಣೆಯ ಸಾಹೇಬರು ಕಾಗದ ಮಗುಚುತ್ತ, ಬೋಲಾ, ತುಮ್ಹೀ ಕಾಯ ಪಾಹಿಲಂ, ನೀವೇನು ನೋಡಿದಿರಿ, ಬಸ್ಸಿನಲ್ಲಿ ಕಲಿತುಕೊಂಡ ಮರಾಠಿ ಎಲ್ಲಿ ಹೋಯಿತು, ಮ್ಯಾಡಮನೀ ಫಿರವಲಾ ಹೋತಾ, ಸಾಹೇಬ, ಅವರು ತಿರುವಿದ್ದರು, ನನ್ನದೇ ದನಿ, ಮೇಡಂ ತಟ್ಟನೆ ತಲೆ ಎತ್ತುತ್ತಾರೆ, ಆಮೇಲೆ ಏನಾಯಿತು, ಸಾಹೇಬರು ಪೆನ್ನು ತೆಗೆಯುತ್ತಾರೆ, ಆಮೇಲೆ ನಾನು, ಮೀ, ಕರವಸ್ತ್ರ, ಹೆಬ್ಬೆರಳು, ಬಾಗಿಲಿನಿಂದ ಬಗ್ಗಿ, ಕಟ್, ಬಂದ್ ಮಾಡಿದವನು ನಾನು — ಸಣ್ಣ ಕರಿ ಸ್ವಿಚ್ಚು, ಅದರ ಬಿಳಿ ಗೆರೆಯಲ್ಲಿ ಕುಂಕುಮ, ಬಿಳಿ ಗೆರೆಯಲ್ಲಿ ಕುಂಕುಮ