ಮೂಲದಲ್ಲಿಲ್ಲದ ಮಾತು

ಹೊಡೆದುಹಾಕಿದ್ದು ಒಂದೇ ಒಂದು ಸಾಲು. ಕೆಂಪು ಪೆನ್ನಿನಲ್ಲಿ, ಸ್ಕೇಲು ಇಟ್ಟು, ನೆಟ್ಟಗೆ. ಪಕ್ಕದಲ್ಲಿ ಷರಾ: ‘ಮೂಲದಲ್ಲಿಲ್ಲ, ತೆಗೆಯಿರಿ.’

ಪುಟ್ಟಿ ಆ ಹಾಳೆಯನ್ನು ಹಿಡಿದುಕೊಂಡು ಎದ್ದಳು. ಪುಟ್ಟಿ ಎಂಬುದು ಮನೆಯವರು ಕರೆದ ಹೆಸರು. ಕಿವಿಯ ಹತ್ತಿರ ಕೂದಲು ನರೆತರೂ ಅದು ಅವಳನ್ನು ಬಿಟ್ಟಿರಲಿಲ್ಲ. ಕೋರ್ಟಿನ ಮೇಲಿನ ಮಹಡಿಯಲ್ಲಿ, ಹಳೇ ಕಡತಗಳನ್ನು ಖಾಲಿ ಮಾಡಿಸಿ ಬಿಡಿಸಿಕೊಂಡ ಕೋಣೆಯಲ್ಲಿ ಅವಳ ಮೇಜು. ಹೊರಗಿನಿಂದ ಬಂದು ನೆಲೆಸಿದ ಜನರಿಗೆ ಕೋರ್ಟಿನ ರೀತಿನೀತಿ ತಿಳಿಯಲೆಂದು, ತಿಳಿವಳಿಕೆ ಪತ್ರಗಳನ್ನು ಅವರವರ ಭಾಷೆಗೆ ತಿರುಗಿಸುವ ಕೆಲಸ ಅಲ್ಲಿ ನಡೆಯುತ್ತಿತ್ತು. ತನ್ನ ಜನರ ಭಾಷೆ ಪುಟ್ಟಿಯ ಪಾಲಿಗೆ ಬಂದಿತ್ತು. ಅವಳು ಬರೆದದ್ದನ್ನು, ಅವಳು ಎಂದೂ ಮುಖ ಕಂಡಿರದ ಇನ್ನೊಬ್ಬರು ಮತ್ತೆ ಸರ್ಕಾರಿ ಭಾಷೆಗೆ ತಿರುಗಿಸುತ್ತಿದ್ದರು. ತಿರುಗಿ ಬಂದದ್ದು ಮೂಲದ ಪಡಿಯಚ್ಚಿನಂತಿದ್ದರೆ ಪಾಸು. ಯಾರಿಗೂ ತಲೆಬುಡ ತಿಳಿಯದ ಪದ ಹಾಕಿದರೆ ಅದು ಇಸ್ತ್ರಿ ಕೆಡದೆ ಹೋಗಿ ಬರುತ್ತಿತ್ತು. ಜನ ಮನೆಯಲ್ಲಿ ಆಡುವ ಮಾತು ಹಾಕಿದರೆ ದಾರಿಯಲ್ಲೇ ಸಿಕ್ಕಿಬೀಳುತ್ತಿತ್ತು.

ಕೆಂಪು ಪೆನ್ನು ಹಿರಿಯ ವಕೀಲರದು. ಕೋಣೆಯವರೆಲ್ಲ ಬೆನ್ನ ಹಿಂದೆ ಅವರನ್ನು ಅಲ್ಪವಿರಾಮ ಎನ್ನುತ್ತಿದ್ದರು. ಒಂದು ಅಲ್ಪವಿರಾಮವನ್ನಾದರೂ ಅತ್ತಿಂದಿತ್ತ ಸರಿಸದೆ ಅವರು ಯಾವ ಹಾಳೆಯನ್ನೂ ಕೆಳಗಿಟ್ಟವರಲ್ಲ.

“ಸರ್, ಈ ಸಾಲು ಇರಲಿ.”

“ಮೂಲದಲ್ಲಿ ಎಲ್ಲಿದೆ, ತೋರಿಸಿ.”

“ಇಲ್ಲ. ಯಾಕಿಲ್ಲ ಅಂದ್ರೆ, ಮೂಲ ಬರೆದವರು ಇಲ್ಲೇ ಹುಟ್ಟಿ ಬೆಳೆದವರು. ಅವರಿಗೆ ಇದನ್ನ ಯಾರೂ ಹೇಳಬೇಕಾಗಿರಲಿಲ್ಲ.”

ಅವಳು ಸೇರಿಸಿದ್ದ ಸಾಲು ಇಷ್ಟೇ: ‘ಇಲ್ಲಿ ಮೊದಲ ದಿನವೇ ತೀರ್ಪಾಗುತ್ತದೆ. ನೀವು ಬರದಿದ್ದರೆ ವಾಯಿದೆ ಬೀಳುವುದಿಲ್ಲ, ನಿಮ್ಮನ್ನು ಬಿಟ್ಟೇ ಕೇಸು ಮುಗಿಸುತ್ತಾರೆ. ತಪ್ಪದೆ ಬನ್ನಿ.’

“ನಮ್ಮ ಕಡೆ ಮೊದಲ ದಿನ ಕೋರ್ಟಿಗೆ ಯಾರೂ ಹೋಗಲ್ಲ ಸರ್. ಹೋದವರನ್ನ ಪೆದ್ದರು ಅಂತಾರೆ. ಹೋಗದಿದ್ರೆ ಇನ್ನೊಂದು ತಾರೀಖು ಕೊಡ್ತಾರೆ, ಅದಕ್ಕೂ ಹೋಗದಿದ್ರೆ ಮತ್ತೊಂದು. ಅದೇ ಧೈರ್ಯದಲ್ಲಿ ಇಲ್ಲೂ ಮನೇಲಿ ಕೂರ್ತಾರೆ. ನೀವು ಮೊದಲ ದಿನಾನೇ ಗಂಟುಮೂಟೆ ಕಟ್ಟಿಸ್ತೀರಿ.”

“‘ಗೈರುಹಾಜರಾದ ಪಕ್ಷದಲ್ಲಿ ನ್ಯಾಯಾಲಯವು ಸೂಕ್ತ ಆದೇಶವನ್ನು ಮಾಡತಕ್ಕದ್ದು.’ ಇದೆಯಲ್ಲ! ಇನ್ನೇನು ಬೇಕು?”

“ಅದನ್ನ ಓದಿ ನಮ್ಮವರು ನಿಶ್ಚಿಂತೆಯಿಂದ ನಿದ್ದೆ ಮಾಡ್ತಾರೆ.”

“ಅದು ಅವರ ತಪ್ಪು ತಿಳಿವಳಿಕೆ.”

“ತಪ್ಪು ತಿಳಿವಳಿಕೆ ತಿದ್ದೋಕೇ ಅಲ್ವಾ ಸರ್ ಇದು ತಿಳಿವಳಿಕೆ ಪತ್ರ?”

ಅಲ್ಪವಿರಾಮದವರು ಕನ್ನಡಕ ತೆಗೆದರು. “ನೋಡಿ, ನಾವು ಮಾಹಿತಿ ಕೊಡ್ತೀವಿ. ಸಲಹೆ ಕೊಡೋದಿಲ್ಲ. ‘ತಪ್ಪದೆ ಬನ್ನಿ’ ಅಂದ್ರೆ ಸಲಹೆ.”

“ಅಂದ್ರೆ ಬೆಂಕಿ ಬಿದ್ದಿದೆ ಅಂತ ಹೇಳಬಹುದು, ಓಡಿ ಅನ್ನಬಾರದು.”

“ನೀವು ಮಾತು ಚೆನ್ನಾಗಿ ಆಡ್ತೀರಿ,” ಎಂದು ಅವರು ಇನ್ನೊಂದು ಅಲ್ಪವಿರಾಮ ಸರಿಸಿದರು. ಹಾಳೆ ಅಚ್ಚಿಗೆ ಹೋಯಿತು. ಕೋರ್ಟಿನ ಹಜಾರದ ಗೂಡಿನಲ್ಲಿ, ಉಳಿದ ಭಾಷೆಗಳ ಪಕ್ಕದಲ್ಲಿ, ಒಳ್ಳೇ ದಪ್ಪ ಕಾಗದದಲ್ಲಿ ಬಂದು ಕೂತಿತು. ಚೆಂದವಾಗಿತ್ತು. ಅದರಲ್ಲಿ ತಪ್ಪೊಂದಿದೆ ಎಂದು ಯಾವ ಪಂಡಿತನೂ ಬೆರಳಿಟ್ಟು ತೋರಿಸುವಂತಿರಲಿಲ್ಲ.

ಮಳಿಗೆಯ ಮೇಲಿನ ಎರಡು ಕೋಣೆಯ ಮನೆ ಅಕ್ಕನದು. ಭಾವ ಬಟ್ಟೆ ಒಗೆಯುವ ಮೆಷಿನ್ನುಗಳನ್ನು ರಿಪೇರಿ ಮಾಡುವವನು. ನಡುಮನೆಯಲ್ಲಿ ಹೊಟ್ಟೆ ಬಿಚ್ಚಿದ ಮೆಷಿನ್ನೊಂದು ಯಾವಾಗಲೂ ಇರುತ್ತಿತ್ತು. ಅದರ ಡ್ರಮ್ಮಿನೊಳಗೆ ಅಕ್ಕನ ಮಗಳು ಗೊಂಬೆಗಳನ್ನು ಮಲಗಿಸುತ್ತಿದ್ದಳು. ಅದೇ ಈಗ ಕಂಟಕ. ವಾಸದ ಮನೆಯಲ್ಲಿ ವ್ಯಾಪಾರ ನಡೆಸುತ್ತಿದ್ದಾರೆ, ಬಿಡಿಸಿಕೊಡಿ ಎಂದು ಮನೆ ಮಾಲೀಕ ಕೇಸು ಹಾಕಿದ್ದ. ಮೆಷಿನ್ನು ಇಟ್ಟುಕೊಳ್ಳಿ ಎಂದು ಬಾಯಿಬಿಟ್ಟು ಹೇಳಿದವನೂ ಅವನೇ. ಈಗ ಆ ಮನೆಗೆ ಹೆಚ್ಚು ಕೊಡುವವರು ಯಾರೋ ಸಿಕ್ಕಿದ್ದರು.

“ಭಾವ, ಸೋಮವಾರ ನೀವು ಹೋಗಲೇಬೇಕು,” ಎಂದಳು ಪುಟ್ಟಿ.

ಭಾವ ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಕ್ಕ. “ಮೊದಲ ದಿನಾನೇ? ನಮ್ಮ ತಾತ ಹಾಕಿದ ಬಾವಿ ಕೇಸು ಗೊತ್ತಾ ನಿನಗೆ? ಬಾವಿ ಬತ್ತಿಹೋಯ್ತು, ತಾತ ಹೋದ್ರು, ನಮ್ಮಪ್ಪನ ಹಲ್ಲು ಬಿತ್ತು. ಇನ್ನೂ ವಾಯಿದೆ ಬೀಳ್ತಾನೇ ಇದೆ. ನನಗೆ ಕೋರ್ಟು ಹೇಳ್ಕೊಡ್ತಾಳಂತೆ!”

“ಅದು ಅಲ್ಲಿ. ಇಲ್ಲಿ ಹಾಗಲ್ಲ.”

“ಕೋರ್ಟು ಎಲ್ಲಾದ್ರೂ ಕೋರ್ಟೇ ಕಣಮ್ಮ. ಕರಿ ಕೋಟು ಹಾಕಿದವರು ಬೇಗ ಮನೆಗೆ ಹೋದದ್ದುಂಟಾ?”

“ರೀ, ಅವಳು ಅಲ್ಲೇ ಕೆಲಸ ಮಾಡೋಳು. ಅವಳ ಮಾತಾದ್ರೂ ಕಿವಿಗೆ ಹಾಕ್ಕೊಳ್ಳಿ,” ಎಂದಳು ಅಕ್ಕ ಒಲೆಯ ಕಡೆಯಿಂದ.

ಭಾವ ಎದ್ದು, ಕೈ ಒರೆಸಿಕೊಂಡು, ನೋಟೀಸಿನ ಜೊತೆ ಬಂದಿದ್ದ ದಪ್ಪ ಕಾಗದ ತಂದ. ಪುಟ್ಟಿಯ ಭಾಷೆ. ಪುಟ್ಟಿಯ ವಾಕ್ಯಗಳು. ಮೇಷ್ಟರ ಹಾಗೆ ಬೆರಳಿಟ್ಟು ಓದಿದ: “‘ಗೈರುಹಾಜರಾದ ಪಕ್ಷದಲ್ಲಿ ನ್ಯಾಯಾಲಯವು ಸೂಕ್ತ ಆದೇಶವನ್ನು ಮಾಡತಕ್ಕದ್ದು.’ ಕೇಳಿಸ್ತಾ? ಹೋಗದಿದ್ರೆ ಏನು ಸೂಕ್ತ? ಇನ್ನೊಂದು ತಾರೀಖು. ನೀನೇ ಬರೆದಿದ್ದೀಯಲ್ಲೇ!”

“ನಾನು ಬೇರೆ ಬರೆದಿದ್ದೆ ಭಾವ. ಹೊಡೆದುಹಾಕಿದ್ರು.”

“ನಿಜವಾಗಿದ್ರೆ ಯಾಕೆ ಹೊಡೆದುಹಾಕ್ತಾರೆ? ಸರ್ಕಾರದವರು ದಡ್ಡರಾ? ಆಸ್ಪತ್ರೆಯ ದೊಡ್ಡ ಮೆಷಿನ್ನು ಕೆಟ್ಟು ಕೂತಿದೆ, ಸೋಮವಾರ ರಿಪೇರಿ ಮಾಡ್ಬೇಕು. ಅದನ್ನ ಬಿಟ್ಟು ಕೋರ್ಟಿನ ಬೆಂಚು ಸವೆಸೋಕೆ ಹೋಗಲಾ?”

ಎದುರಿಗೆ ಕೂತು ಕೂಗಿದರೂ ಪುಟ್ಟಿಯ ದನಿ ಆ ದಪ್ಪ ಕಾಗದವನ್ನು ದಾಟುತ್ತಿರಲಿಲ್ಲ. ಅವಳನ್ನು ಸೋಲಿಸಿದ್ದು ಅವಳದೇ ಅಕ್ಷರ.

ಸೋಮವಾರ ಭಾವ ಆಸ್ಪತ್ರೆಗೆ ಹೋದ. ಅಕ್ಕ ತಡೆಯಲಾರದೆ ಒಬ್ಬಳೇ ಕೋರ್ಟಿಗೆ ಹೋದಳು. ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರಿಲ್ಲ, ಹಿಂದೆ ಕೂತುಕೊಳ್ಳಿ ಎಂದರು. ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ, ಕೇಸು ಮುಗಿಯಿತು. ತಿಂಗಳ ಕೊನೆಗೆ ಮನೆ ಬಿಡಬೇಕು. ಕೆಳಗಿನ ಹಜಾರದಿಂದ ಅಕ್ಕ ಫೋನು ಮಾಡಿದಾಗ ಅಳಲಿಲ್ಲ. “ಒಬ್ಬರೂ ಅವರನ್ನ ಕಾಯಲಿಲ್ಲ ಕಣೆ,” ಎಂದಳು ಅಷ್ಟೇ. “ಹೆಸರು ಕೂಗಿದ್ರು, ಇಲ್ಲ ಅಂದ್ರು, ಮುಂದಿನವರನ್ನ ಕರೆದ್ರು.”

ಉಳಿದದ್ದು ಒಂದೇ ದಾರಿ. ಬಾರದೆ ಇದ್ದದ್ದಕ್ಕೆ ತಕ್ಕ ಕಾರಣವಿದ್ದರೆ ಕೇಸನ್ನು ಮತ್ತೆ ತೆರೆಯಿರಿ ಎಂದು ಕೇಳಬಹುದು. ಪುಟ್ಟಿ ಅರ್ಜಿ ಹಾಕಿಸಿದಳು. ಅದರ ವಿಚಾರಣೆಯ ದಿನ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೋರ್ಟಿನ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದ. ಆಸ್ಪತ್ರೆಯ ಮೆಷಿನ್ನು ಬಿಚ್ಚಿದಷ್ಟು ಸಲೀಸಲ್ಲ ಇದು ಎಂದು ಮುಖವೇ ಹೇಳುತ್ತಿತ್ತು.

“ಯಾಕೆ ಬರಲಿಲ್ಲ?” ಎಂದರು ನ್ಯಾಯಾಧೀಶೆ. ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ ನಡುವಯಸ್ಸಿನ ಹೆಂಗಸು. ದುಭಾಷಿ ಅದನ್ನು ತಿರುಗಿಸಿ ಹೇಳಿದ.

“ಮೊದಲ ದಿನ ಏನೂ ಆಗಲ್ಲ ಅಂದ್ಕೊಂಡೆ, ತಾಯಿ.”

ಮಾಲೀಕನ ವಕೀಲ ಎದ್ದ. ಎಳೆ ವಯಸ್ಸು, ದುಬಾರಿ ಬೂಟು. ಅವನ ಕೈಯಲ್ಲಿ ಅದೇ ದಪ್ಪ ಕಾಗದ. “ಇವರಿಗೆ ಇವರದೇ ಭಾಷೆಯಲ್ಲಿ ತಿಳಿಸಲಾಗಿದೆ. ಕೆಳಗೆ ದೃಢೀಕರಣ ಇದೆ: ಅನುವಾದ ಸರಿಯಾಗಿದೆ, ಸಂಪೂರ್ಣವಾಗಿದೆ. ತಿಳಿಯಲಿಲ್ಲ ಅನ್ನೋಕೆ ಜಾಗವೇ ಇಲ್ಲ. ಇನ್ನೊಂದು ವಿಷಯ. ಆ ಸಹಿ ಮಾಡಿದವರು ಅರ್ಜಿದಾರರ ಹೆಂಡತಿಯ ತಂಗಿ. ಹಿಂದಿನ ಬೆಂಚಲ್ಲೇ ಕೂತಿದ್ದಾರೆ.”

ಕೋಣೆ ತಿರುಗಿ ನೋಡಿತು. ಬಾಗಿಲ ಬಳಿ ನಿಂತಿದ್ದ ಅಲ್ಪವಿರಾಮದವರೂ ನೋಡಿದರು. ತಮ್ಮ ಕಾಗದಕ್ಕೆ ಸಾಕ್ಷಿಯ ಪಟ್ಟ ಸಿಕ್ಕಿದ್ದು ನೋಡಲೆಂದೇ ಬಂದಿದ್ದರೇನೋ.

“ಎದ್ದು ನಿಲ್ಲಿ,” ಎಂದರು ನ್ಯಾಯಾಧೀಶೆ. “ಇದು ನಿಮ್ಮ ಸಹಿಯೇ?”

“ಹೌದು.”

“ಅನುವಾದ ಸರಿಯಾಗಿದೆ, ಸಂಪೂರ್ಣವಾಗಿದೆ ಎಂದು ಬರೆದಿದ್ದೀರಿ. ಈಗಲೂ ಹಾಗೇ ಹೇಳುತ್ತೀರಾ?”

ಹೌದು ಎಂದರೆ ಅಕ್ಕನ ಸಾಮಾನು ಬೀದಿಗೆ. ಇಲ್ಲ ಎಂದರೆ ಆ ಸಹಿ ಹೊತ್ತ ಪ್ರತಿಯೊಂದು ಹಾಳೆಯೂ ಸುಳ್ಳು, ತನ್ನ ಕೆಲಸಕ್ಕೆ ನೀರು ಬಿಟ್ಟಂತೆ. ಆದರೆ ಲೆಕ್ಕ ಮುಗಿಯುವ ಮೊದಲೇ ಪುಟ್ಟಿಯ ಸಿಟ್ಟು ಮಾತಾಡಿತು.

“ಸರಿಯಾಗಿದೆ. ಸಂಪೂರ್ಣವಾಗಿಲ್ಲ.”

“ಏನು ಬಿಟ್ಟಿದ್ದೀರಿ?”

“ನೀವು ಬರೆದದ್ದರಲ್ಲಿ ಒಂದಕ್ಷರವೂ ಬಿಟ್ಟಿಲ್ಲ. ನೀವು ಬರೆಯದೇ ಇದ್ದದ್ದನ್ನ ಬಿಟ್ಟಿದ್ದೀನಿ.” ಹೊಡೆದುಹಾಕಿಸಿಕೊಂಡ ಸಾಲನ್ನು ಅವಳು ಒಪ್ಪಿಸಿದಳು.

“ಬಾರದಿದ್ದರೆ ಸೋಲುತ್ತೀರಿ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯವಲ್ಲವೇ?”

“ಎಲ್ಲರಿಗೂ ಅಂದ್ರೆ ಯಾರಿಗೆ ಅಮ್ಮಾ? ನೀವು ನಮ್ಮ ಕಡೆಯ ಕೋರ್ಟಿಗೆ ಬಂದ್ರೆ ಮೊದಲ ದಿನ ಬೆಳಿಗ್ಗೆಯಿಂದ ಊಟ ಬಿಟ್ಟು ಕಾಯ್ತೀರಿ. ಅಲ್ಲಿ ಚಹಾ ಮಾರೋನು ಕೂಡ ನಿಮ್ಮನ್ನ ನೋಡಿ ನಗ್ತಾನೆ. ಆ ನಗು ಯಾಕೆ ಅಂತ ಅಲ್ಲಿಯ ಯಾವ ಕಾಗದದಲ್ಲೂ ಬರೆದಿರಲ್ಲ. ಅಲ್ಲಿಯವರಿಗೆ ಅದು ಗೊತ್ತು. ಹೊರಗಿನವರಿಗೆ ಬೇಕಾದ್ದು ಆ ಬರೆಯದೇ ಇರೋದೇ. ಅದನ್ನ ಮೂಲದಲ್ಲಿಲ್ಲ ಅಂತ ಕೆಂಪು ಗೆರೆ ಎಳೆದು, ಕೊನೆಗೆ ಸಂಪೂರ್ಣ ಅಂತ ನನ್ನ ಕೈಲಿ ಸಹಿ ಹಾಕಿಸ್ತಾರೆ. ಹಾಕಿದ್ದೀನಿ. ಆ ತಪ್ಪು ನನ್ನದು.”

ವಕೀಲ ಆಕ್ಷೇಪಿಸಿದ. ನ್ಯಾಯಾಧೀಶೆ ಸೀನಿದರು, ಬಹಳ ಹೊತ್ತು ಏನೋ ಬರೆದರು. ಆಮೇಲೆ ಹೇಳಿದರು: ಕೇಸನ್ನು ಮತ್ತೆ ತೆರೆಯಲಾಗಿದೆ, ಈ ಅರ್ಜಿಯ ಮಟ್ಟಿಗೆ ಮಾತ್ರ, ಬೇರೆಯವರು ಇದನ್ನು ಆಧಾರ ಮಾಡಿಕೊಳ್ಳುವಂತಿಲ್ಲ. ಬರುವ ವಾರ ವಿಚಾರಣೆ, ಸಾಕ್ಷಿಗಳ ಸಮೇತ ಬರತಕ್ಕದ್ದು.

ಈ ಅರ್ಜಿಯ ಮಟ್ಟಿಗೆ ಮಾತ್ರ! ಕೋರ್ಟಿನಲ್ಲಿ ಕೆಲಸ ಮಾಡುವ ನಾದಿನಿ ಇದ್ದವನಿಗೆ ನ್ಯಾಯ. ಇಲ್ಲದವರು ದಪ್ಪ ಕಾಗದ ಓದಿಕೊಂಡಿರಲಿ.

ಹೊರಗೆ ಅಲ್ಪವಿರಾಮದವರು ಕಾಯುತ್ತಿದ್ದರು. ಅವರು ಕೂಗಾಡುವ ಪೈಕಿಯವರಲ್ಲ. “ಅಪೂರ್ಣ ಅಂತ ನೀವೇ ಹೇಳಿದ್ರಿ. ನಿಮ್ಮ ಭಾಷೆಯ ಪತ್ರಗಳನ್ನ ಇವತ್ತೇ ಗೂಡಿನಿಂದ ತೆಗೆಸ್ತೀನಿ.”

“ತೆಗೆಯೋದ್ಯಾಕೆ ಸರ್? ಆ ಸಾಲು ಸೇರಿಸಿ.”

“ಮೊದಲು ಮೂಲ ತಿದ್ದಬೇಕು. ಅದಕ್ಕೆ ಸಮಿತಿ ಸೇರಬೇಕು.”

“ಯಾವಾಗ ಸೇರುತ್ತೆ?”

“ತಾರೀಖು ಇನ್ನೂ ಗೊತ್ತಾಗಿಲ್ಲ.” ಅವರಿಗೆ ತಾವು ಹೇಳಿದ್ದರಲ್ಲಿ ಏನೂ ವಿಶೇಷ ಕಾಣಲಿಲ್ಲ. “ಅಲ್ಲೀವರೆಗೆ ನಿಮಗೂ ಇಲ್ಲಿ ಕೆಲಸ ಇರೋದಿಲ್ಲ. ಪಾಪ, ನಿಮ್ಮ ಜನಕ್ಕೆ ಇದ್ದ ಒಂದು ಕಾಗದಾನೂ ಹೋಯ್ತು.”

“ಇಲ್ಲದಿದ್ರೆ ಯಾರನ್ನಾದ್ರೂ ಕೇಳ್ತಾರೆ ಸರ್. ಇದ್ದದ್ದರಿಂದಲೇ ಕೇಳಲಿಲ್ಲ.”

ಅವರು ಹೋದರು. ಅಕ್ಕ ಬಂದು ಪುಟ್ಟಿಯ ಬೆನ್ನ ಮೇಲೆ ಕೈಯಿಟ್ಟಳು. ಭಾವ ಅಂಗಿಯ ಮೇಲಿನ ಗುಂಡಿ ಬಿಚ್ಚಿ ನಿಟ್ಟುಸಿರುಬಿಟ್ಟ. ಮುಖಕ್ಕೆ ಬಣ್ಣ ಮರಳುತ್ತಿತ್ತು.

“ಇಷ್ಟೆಲ್ಲ ಗೊತ್ತಿತ್ತು ಅಂದ್ಮೇಲೆ ಮೊದಲೇ ಒಂದು ಮಾತು ಹೇಳಬಾರದಿತ್ತಾ ಪುಟ್ಟಿ?”

ಅಕ್ಕ ಗೋಡೆಯ ಕಡೆ ತಿರುಗಿದಳು. ಪುಟ್ಟಿ ಹತ್ತು ಉತ್ತರ ನುಂಗಿಕೊಂಡಳು. “ಮೆಷಿನ್ನು ಇಟ್ಕೊಳ್ಳಿ ಅಂತ ಮಾಲೀಕರು ಹೇಳಿದಾಗ ಹತ್ತಿರ ಯಾರಿದ್ರು ಭಾವ?”

“ಪಕ್ಕದ ಕ್ಷೌರದಂಗಡಿಯೋನಿದ್ದ.”

“ಅವನನ್ನ ಸಾಕ್ಷಿಗೆ ಕರೆದಿದ್ದೀರಾ?”

“ಕರೆದ್ರಾಯ್ತು. ಇನ್ನೂ ಒಂದು ವಾರ ಇದೆಯಲ್ಲ! ಬಂದ ತಕ್ಷಣ ಸಾಕ್ಷಿ ತಗೊಂಡುಬಿಡ್ತಾರಾ?”

ಪುಟ್ಟಿ ಅವನ ಇಸ್ತ್ರಿ ಅಂಗಿಯ ತೋಳನ್ನು ಮುದುರಿ ಹೋಗುವಂತೆ ಹಿಡಿದಳು.

“ನಡೀರಿ.”

“ಎಲ್ಲಿಗೆ?”

“ಕ್ಷೌರದಂಗಡಿಗೆ. ಈಗಲೇ.”

“ಊಟ ಆದ್ಮೇಲೆ ಹೋದ್ರಾಗಲ್ವೇನೆ?”

ಅವಳು ತೋಳು ಬಿಡಲಿಲ್ಲ. ಮೆಟ್ಟಿಲಿಳಿಯುವಾಗ ಇನ್ನೊಂದು ತೋಳನ್ನು ಅಕ್ಕ ಹಿಡಿದುಕೊಂಡಳು.