ಹೊಸ್ತಿಲಲ್ಲಿ ಯಾರೂ ಇಲ್ಲ

ಯೋಜನೆ ಬರೆಯುವವರಿಗೆ ಒಂದು ಚಟವಿರುತ್ತದೆ, ಕಂಡದ್ದನ್ನೆಲ್ಲ ಅಳೆಯುವುದು. ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಮಾತನ್ನು ಇವರಷ್ಟು ನಿಷ್ಠೆಯಿಂದ ಪಾಲಿಸುವವರು ಬೇರೆ ಇರಲಾರರು. ಮಕ್ಕಳ ಹಕ್ಕುಗಳಿಗಾಗಿ ದುಡಿಯುವ ಅಂತಾರಾಷ್ಟ್ರೀಯ ಸಂಸ್ಥೆಯೊಂದರ ಅಹಮದಾಬಾದ್ ಕಚೇರಿಯಲ್ಲಿ ಯೋಜನೆಯ ಹೊಣೆ ಗಿರಿಜಾಳದು. ಕಾರ್ಕಳದವಳು. ಗಂಡ ಚಂದ್ರಶೇಖರನ ಬ್ಯಾಂಕಿನ ವರ್ಗಾವಣೆಯ ಬೆನ್ನು ಹತ್ತಿ ಅಹಮದಾಬಾದಿನ ಮಣಿನಗರಕ್ಕೆ ಬಂದು, ಇಲ್ಲೇ ಈ ಕೆಲಸ ಹಿಡಿದು, ಈಗ ಅಳೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಹೆಸರು ಪಡೆದಿದ್ದಳು.

ಹೆಸರು ಬಂದದ್ದು ಸೂರತ್ತಿನಿಂದ. ಅಲ್ಲಿನ ಒಂದು ಕಾರ್ಮಿಕರ ಬಸ್ತಿಯಲ್ಲಿ ಮನೆಮನೆಗೂ ಸೀರೆ ಬರುತ್ತಿತ್ತು. ಗೋಂದು ಹಚ್ಚಿ, ಹೊಳೆಯುವ ಟಿಕ್ಕಿ ಅಂಟಿಸಿ ಗುತ್ತಿಗೆದಾರನಿಗೆ ತಿರುಗಿ ಕೊಡಬೇಕು. ಹೆಂಗಸರ ಪಕ್ಕದಲ್ಲಿ ಮಕ್ಕಳೂ ಹೊಸ್ತಿಲ ಮೇಲೆ ಕೂತು ಅಂಟಿಸುತ್ತಿದ್ದರು. ಮಕ್ಕಳ ದುಡಿಮೆ ಕಡಿಮೆಯಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಗಿರಿಜಾ ಸುಲಭದ ದಾರಿ ಹುಡುಕಿದಳು. ಸಂಜೆ ಬಸ್ತಿಯ ಮಹಿಳಾ ಸಮಿತಿಯವರು ಗಲ್ಲಿಯಲ್ಲಿ ಒಂದು ಸುತ್ತು ಬರಬೇಕು. ಹೊಸ್ತಿಲಲ್ಲಿ ಟಿಕ್ಕಿ ಅಂಟಿಸುವ ಮಗು ಕಂಡರೆ ಆ ಮನೆಗೆ ಗುರುತು. ಗುರುತು ಬಿದ್ದ ಮನೆಗೆ ಗುತ್ತಿಗೆದಾರ ಸೀರೆ ಕೊಡುವಂತಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಗಲ್ಲಿಯ ಯಾವ ಹೊಸ್ತಿಲಲ್ಲೂ ಒಂದು ಮಗುವೂ ಕಾಣಲಿಲ್ಲ. ಸಂಸ್ಥೆಯ ದಿಲ್ಲಿ ಕಚೇರಿಯವರು ಹೊಗಳಿದರು. ವಡೋದರಾದಲ್ಲೂ, ಅಹಮದಾಬಾದಿನ ವಟ್ವಾದಲ್ಲೂ ಇದನ್ನೇ ಜಾರಿಗೆ ತರುವ ಮಾತು ನಡೆಯಿತು. ಅದನ್ನು ಕಣ್ಣಾರೆ ಕಂಡು ಒಪ್ಪಿಗೆ ಕೊಡಲು ವಿದೇಶದ ಮುಖ್ಯ ಕಚೇರಿಯಿಂದ ಒಬ್ಬ ಹಿರಿಯ ಅಧಿಕಾರಿಣಿ ಸೂರತ್ತಿಗೆ ಬಂದರು.

ಆ ಬಸ್ತಿಯಲ್ಲಿ ಒಂದು ಕನ್ನಡದ ಮನೆ ಇತ್ತು. ವಿಠ್ಠಲ ಕುಂದಾಪುರದ ಕಡೆಯವನು, ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಅಡುಗೆಯವನು. ಹೆಂಡತಿ ದಿವ್ಯಾ ಸೀರೆ ತರುತ್ತಿದ್ದಳು. ದೊಡ್ಡ ಮಗಳು ವರ್ಷಿಣಿ ಒಂಬತ್ತನೆಯ ತರಗತಿ, ಚಿಕ್ಕವಳು ಚೈತ್ರಾ ಇನ್ನೂ ಎರಡನೆಯದು. ಮೊದಲ ಸಲ ವರ್ಷಿಣಿಯ ಬಾಯಲ್ಲಿ ಊರಿನ ಮಾತು ಕೇಳಿದಾಗ ಗಿರಿಜಾಳಿಗೆ ಕಣ್ಣು ತುಂಬಿ ಬಂದಿತ್ತು. ಅವಳ ಸ್ವಂತ ಮಗಳು ನಿಕಿತಾ ಅಮ್ಮನ ಕನ್ನಡಕ್ಕೆ ಗುಜರಾತಿಯಲ್ಲಿ ಉತ್ತರ ಕೊಡುವವಳು. ಗಿರಿಜಾ ವರ್ಷಿಣಿಯ ತಲೆ ಸವರಿ, "ನಿಂಗೆ ಎಂತ ಹೇಳ್ಲಿಕ್ಕಿದ್ರೂ ನನ್ನ ಹತ್ರ ಕನ್ನಡದಲ್ಲೇ ಹೇಳು ಮಗಾ," ಎಂದಿದ್ದಳು. ಹುಡುಗಿ ಅದನ್ನು ನಂಬಿಬಿಟ್ಟಳು.

ಮಕ್ಕಳ ಸಭೆ ಬಸ್ತಿಯ ಬಾಲವಾಡಿಯಲ್ಲಿ ನಡೆಯಿತು. ನಡುವೆ ಕುರ್ಚಿಯಲ್ಲಿ ಅತಿಥಿ, ಪಕ್ಕದಲ್ಲಿ ಗಿರಿಜಾ, ಸುತ್ತ ಜಮಖಾನೆಯ ಮೇಲೆ ಮಕ್ಕಳು. ಸೂರತ್ತಿನಲ್ಲಿ ಸಂಸ್ಥೆಯ ಕೆಲಸ ನೋಡಿಕೊಳ್ಳುವ ರಾಕೇಶ್ ಮಕ್ಕಳ ಹಿಂದಿ, ಗುಜರಾತಿಗಳನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ. ಮಕ್ಕಳು ಶಾಲೆ ಇಷ್ಟ, ಆಟ ಇಷ್ಟ ಎಂದರು. ವರ್ಷಿಣಿಯ ಸರದಿ ಬಂತು. ಅವಳು ಎದ್ದು ನಿಂತು, ರಾಕೇಶನನ್ನು ಒಮ್ಮೆ ನೋಡಿ, ಗಿರಿಜಾಳತ್ತ ತಿರುಗಿ ಕನ್ನಡದಲ್ಲಿ ಶುರುಮಾಡಿದಳು.

"ಆಂಟಿ, ಇದನ್ನು ಅವರಿಗೆ ನೀವೇ ಹೇಳಿ. ನಮ್ಮ ಹೆಸರು ಬೇಡ, ಅಮ್ಮನ ಕೆಲಸ ಹೋಗ್ತದೆ. ಇಲ್ಲಿ ಯಾರೂ ಅಂಟಿಸೋದು ಬಿಡ್ಲಿಲ್ಲ. ಮೊದ್ಲು ಹೊಸ್ತಿಲಲ್ಲಿ ಕೂತ್ಕೊಳ್ತಿದ್ದೆವು, ಗಾಳಿ ಇತ್ತು. ಈಗ ಸಮಿತಿಯವರು ನೋಡ್ತಾರೆ ಅಂತ ಬಾಗಿಲು ಹಾಕಿ ಅಂಟಿಸೋದು. ಫ್ಯಾನ್ ಹಾಕಿದ್ರೆ ಟಿಕ್ಕಿ ಹಾರ್ತದೆ, ಹಾಗಾಗಿ ಅದೂ ಇಲ್ಲ. ಗೋಂದಿನ ವಾಸನೆಗೆ ತಂಗಿಗೆ ತಲೆ ತಿರುಗ್ತದೆ, ವಾಂತಿ ಮಾಡ್ತಾಳೆ. ನಾನು ಬೆಳಿಗ್ಗೆ ಕತ್ತಲಲ್ಲೇ ಎದ್ದು ಅಂಟಿಸ್ತೇನೆ, ಅವಳ ಪಾಲು ಕಮ್ಮಿ ಆಗ್ಲಿ ಅಂತ. ಬಾಗಿಲು ತೆಗೀಲಿಕ್ಕೆ ಬಿಡ್ಲಿ ಆಂಟಿ, ಅಷ್ಟು ಸಾಕು."

ರಾಕೇಶ್ ನಗುತ್ತಾ, "ಮೇಡಂ, ಇದು ನಿಮ್ಮ ಇಲಾಖೆ," ಎಂದ. ಅತಿಥಿ ಗಿರಿಜಾಳ ಕಡೆ ಕತ್ತು ವಾಲಿಸಿದರು.

ಹೇಳಬೇಕಾದ ಇಂಗ್ಲಿಷ್ ಮಾತುಗಳು ಗಿರಿಜಾಳ ನಾಲಿಗೆಯ ತುದಿಗೆ ಬಂದಿದ್ದವು. ಬಾಗಿಲು ಮುಚ್ಚಿಸಿದ್ದು ಯಾರು ಎಂಬ ಪ್ರಶ್ನೆ ಆಮೇಲೆ ಏಳುತ್ತದೆ ಎಂಬುದೂ ಹೊಳೆಯಿತು. ವಟ್ವಾ, ವಡೋದರಾ, ದಿಲ್ಲಿಯವರ ಮುಖಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವಳು ಬಾಯಿ ತೆರೆದಾಗ ಹೊರಬಿದ್ದದ್ದು ಬೇರೆಯೇ.

"ಮೊದಲು ಇಲ್ಲಿಯ ಮಕ್ಕಳು ಹೊಸ್ತಿಲಲ್ಲಿ ಕೂತು ಕೆಲಸ ಮಾಡುತ್ತಿದ್ದರಂತೆ, ಈಗ ಯಾರೂ ಹಾಗೆ ಕೂರುವುದಿಲ್ಲವಂತೆ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಇವಳು ತಂಗಿಯನ್ನು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಕತ್ತಲಲ್ಲೇ ಎದ್ದು ಓದುತ್ತಾಳಂತೆ."

ಎಷ್ಟು ಜಾಣ ಸುಳ್ಳು ನೋಡಿ. ಹುಡುಗಿಯದೇ ಮಾತು, ಅರ್ಧ ಮಾತ್ರ ಬದಲಾಗಿತ್ತು. ಅತಿಥಿ ಚಪ್ಪಾಳೆ ತಟ್ಟಿದರು, ಮಕ್ಕಳೂ ತಟ್ಟಿದರು. ವರ್ಷಿಣಿ ತಟ್ಟಲಿಲ್ಲ. ಕೂತಳು, ಜಮಖಾನೆಯ ದಾರ ಎಳೆಯುತ್ತಾ ತಲೆ ತಗ್ಗಿಸಿದಳು.

ಅಲ್ಲಿಗೆ ಮುಗಿದಿದ್ದರೆ ಗಿರಿಜಾ ಹೇಗೋ ಬದುಕಿಕೊಳ್ಳುತ್ತಿದ್ದಳೇನೋ. ಊಟಕ್ಕೆ ಕೂತಾಗ ಅತಿಥಿ ಉತ್ಸಾಹದಿಂದ, "ಕತ್ತಲಲ್ಲೇ ಎದ್ದು ಓದುವ ಆ ಹುಡುಗಿಯ ಫೋಟೊ ನಮ್ಮ ವಾರ್ಷಿಕ ವರದಿಗೆ ಬೇಕು," ಎಂದರು. "ನಾಳೆ ಬೆಳಿಗ್ಗೆ ಹೋಗೋಣ. ಮೊದಲೇ ತಿಳಿಸುವುದು ಬೇಡ, ಸಹಜವಾಗಿರಲಿ." ರಾಕೇಶ್ ಹೂಂ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅತಿಥಿ ತನ್ನತ್ತ ತಿರುಗಿದಾಗಲೆಲ್ಲ ಗಿರಿಜಾ ಸೆರಗು ಸರಿಮಾಡಿಕೊಂಡಳು.

ಮರುದಿನ ಬೆಳಕು ಹರಿಯುವ ಮೊದಲೇ ಅವಳು ಒಬ್ಬಳೇ ಆಟೋ ಹಿಡಿದು ಬಸ್ತಿಗೆ ಹೋದಳು. ಸತ್ಯ ಹೇಳಲು ಹೋಗಲಿಲ್ಲ, ಸೀರೆ ಅಡಗಿಸಲು ಹೋದಳು. ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡದ್ದು ಮಾತ್ರ, ದಿವ್ಯಾಳ ಕೆಲಸ ಉಳಿಸಲು ಹೋಗುತ್ತಿದ್ದೇನೆ ಎಂದು.

ಬಾಗಿಲು ಮುಚ್ಚಿತ್ತು. ಗಲ್ಲಿಯ ಎಲ್ಲ ಬಾಗಿಲುಗಳೂ ಮುಚ್ಚಿದ್ದವು, ಎಲ್ಲದರ ಕೆಳಗಿನ ಸಂದಿಯಲ್ಲಿ ಬೆಳಕಿತ್ತು. ಅವಳು ತಟ್ಟಿ, "ದಿವ್ಯಾ, ನಾನು ಗಿರಿಜಾ," ಎಂದಳು. ಬಾಗಿಲು ತುಸುವೇ ತೆರೆದು, ಅವಳನ್ನು ಒಳಗೆಳೆದುಕೊಂಡು, ಮತ್ತೆ ಮುಚ್ಚಿತು.

ಗೋಂದಿನ ವಾಸನೆ ಮೂಗಿಗೆ ಹೊಡೆಯಿತು. ವಿಠ್ಠಲ ಆಗಲೇ ಹೋಟೆಲಿಗೆ ಹೋಗಿದ್ದ. ಒಂದೇ ಕೋಣೆಯ ಮನೆ. ನೆಲದ ತುಂಬ ಹರಡಿದ ಗುಲಾಬಿ ಸೀರೆ, ಅದರ ಒಂದು ಅಂಚಿನಲ್ಲಿ ವರ್ಷಿಣಿ. ಚೈತ್ರಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ತಲೆಯ ಬಳಿ ಒಂದು ಪ್ಲಾಸ್ಟಿಕ್ ಬೋಗುಣಿ ಇತ್ತು. ಅದು ಯಾತಕ್ಕೆಂದು ಗಿರಿಜಾ ಕೇಳಲಿಲ್ಲ.

"ಫಾರಿನ್ ಮೇಡಂ ಬರ್ತಾ ಇದ್ದಾರೆ ದಿವ್ಯಾ. ಸೀರೆ ತೆಗೆದಿಡಿ."

"ಅಯ್ಯೋ, ಒದ್ದೆ ಉಂಟಲ್ಲ ಅಕ್ಕ, ಮಡಚಿದ್ರೆ ಹಾಳಾಗ್ತದೆ," ಎಂದಳು ದಿವ್ಯಾ. ಹೇಳುತ್ತಲೇ ಮಡಚತೊಡಗಿದಳು.

ಗಿರಿಜಾ ಸೀರೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಮಂಚದ ಕೆಳಗೆ ತುರುಕಿದರು. ಗಿರಿಜಾ ಗೋಂದಿನ ಡಬ್ಬಿಯನ್ನು ಅಕ್ಕಿಯ ಡಬ್ಬದ ಹಿಂದಿಟ್ಟಳು. ವಾಸನೆ ಮುಚ್ಚಲು ದೇವರ ಪಟದ ಮುಂದೆ ಊದುಬತ್ತಿ ಹಚ್ಚಿದ್ದೂ ಅವಳೇ. ಬೆರಳಿಗೆ ಅಂಟಿದ ಟಿಕ್ಕಿ ಎಷ್ಟು ಉಜ್ಜಿದರೂ ಹೋಗಲಿಲ್ಲ. ಮಕ್ಕಳ ಹಕ್ಕುಗಳ ಸಂಸ್ಥೆಯವಳು ಮುಂಜಾನೆ ಬಡವರ ಮನೆಗೆ ನುಗ್ಗಿ ಕಳ್ಳಮಾಲು ಅಡಗಿಸುವವಳ ಹಾಗೆ ಮಂಡಿಯೂರಿ ಕೂತಿದ್ದಳು.

"ವರ್ಷಿಣಿ, ಒಂದು ಪುಸ್ತಕ ಹಿಡ್ಕೊಂಡು ಕೂತ್ಕೊ ಮಗಾ. ಅವರು ಒಂದು ಫೋಟೊ ತೆಗೀತಾರೆ ಅಷ್ಟೆ."

"ಗೊತ್ತುಂಟು," ಎಂದಳು ವರ್ಷಿಣಿ. "ಓದ್ಲಿಕ್ಕೆ ಏಳ್ತೇನೆ ಅಂತ ಹೇಳಿದ್ದಲ್ವಾ ನೀವು."

ಗಿರಿಜಾ ಟಿಕ್ಕಿ ಉಜ್ಜುವುದನ್ನು ಬಿಟ್ಟಳು. "ನಿಂಗೆ ಇಂಗ್ಲಿಷ್ ಬರ್ತದಾ?"

"ಕೇಳಿದ್ರೆ ಗೊತ್ತಾಗ್ತದೆ. ಮಾತಾಡ್ಲಿಕ್ಕೆ ಹೆದರಿಕೆ."

ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಗಿರಿಜಾ ಏನಾದರೂ ಸಮಜಾಯಿಷಿ ಕೊಡುತ್ತಿದ್ದಳು. ಅವಳಿಗೆ ನಾಚಿಕೆಯಿಂದ ಕಿವಿ ಸುಟ್ಟಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಈ ಮಗು ಪೂರ್ತಿ ನೋಡಿ, ಮನೆಗೆ ಬಂದು, ಯಾರಿಗೂ ಹೇಳದೆ ಮತ್ತೆ ಸೀರೆಯ ಮುಂದೆ ಕೂತಿತ್ತು.

ಹೊರಗೆ ಕಾರಿನ ಸದ್ದಾಯಿತು. ದಿವ್ಯಾ ಬಾಗಿಲು ತೆರೆದಳು. ಒಳಗೆ ಗಿರಿಜಾಳನ್ನು ಕಂಡ ರಾಕೇಶ್ ಹುಬ್ಬೇರಿಸಿದ. "ಇವರು ನಮ್ಮೂರಿನವರು, ಚಹಾಕ್ಕೆ ಬಂದೆ," ಎಂದು ಅವಳು ಇನ್ನೊಂದು ಸುಳ್ಳು ಸೇರಿಸಿದಳು. ಅತಿಥಿ ಚಪ್ಪಲಿ ಬಿಟ್ಟು ಒಳಗೆ ಬಂದು, ಪುಸ್ತಕ ಹಿಡಿದು ಕೂತ ವರ್ಷಿಣಿಯನ್ನು ಕಂಡು ಎದೆಯ ಮೇಲೆ ಕೈ ಇಟ್ಟುಕೊಂಡರು. ಫೋಟೊ ತೆಗೆದರು. ವರ್ಷಿಣಿ ಹೇಳಿದ ಕಡೆ ನೋಡಿದಳು, ಹೇಳಿದಾಗ ಪುಟ ತಿರುಗಿಸಿದಳು.

"ಮುಂದೆ ಏನಾಗಬೇಕೆಂದಿದ್ದಾಳೆ, ಕೇಳಿ," ಎಂದರು ಅತಿಥಿ.

ಗಿರಿಜಾ ಕೇಳಿದಳು. ವರ್ಷಿಣಿ ಪುಸ್ತಕದಿಂದ ತಲೆಯೆತ್ತಿದಳು. "ನಿಮಗೆ ಬೇಕಾದ್ದು ಹೇಳಿ ಆಂಟಿ," ಎಂದಳು.

ಅತಿಥಿ ನಗುಮುಖದಿಂದ ಕಾದರು. ಡಾಕ್ಟರ್ ಅನ್ನಬಹುದಿತ್ತು. ಟೀಚರ್ ಅನ್ನಬಹುದಿತ್ತು. ಹುಡುಗಿ ಎರಡಕ್ಕೂ ತಲೆಯಾಡಿಸುತ್ತಿದ್ದಳು, ಅದರಲ್ಲಿ ಗಿರಿಜಾಳಿಗೆ ಅನುಮಾನವಿರಲಿಲ್ಲ. ತನಗೋಸ್ಕರ ಸುಳ್ಳಾಡಲು ಆ ಮಗು ಸಿದ್ಧವಾಗಿ ಕೂತಿತ್ತು, ಅದನ್ನು ಕಲಿಸಿದವಳು ತಾನು. ಗೋಡೆಯ ಬಳಿ ಚೈತ್ರಾ ಎದ್ದು ಕೂತು ಬೋಗುಣಿಯನ್ನು ಮಡಿಲಿಗೆ ಎಳೆದುಕೊಂಡಳು.

"ಮೊದಲು ಒಂದು ಮಾತು," ಎಂದಳು ಗಿರಿಜಾ ಇಂಗ್ಲಿಷಿನಲ್ಲಿ. ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು. "ರಾಕೇಶ್, ಏನೇ ಆದರೂ ಈ ಮನೆಗೆ ಗುರುತು ಬೀಳಬಾರದು." ಆಮೇಲೆ ಅತಿಥಿಯ ಕಡೆ ತಿರುಗಿ, ನಿನ್ನೆ ಹುಡುಗಿ ಹೇಳಿದ್ದು ಬೇರೆ, ತಾನು ಹೇಳಿದ್ದು ಬೇರೆ ಎಂದಳು. ಮಕ್ಕಳು ಈಗಲೂ ಟಿಕ್ಕಿ ಅಂಟಿಸುತ್ತಿದ್ದಾರೆ, ಮುಚ್ಚಿದ ಮನೆಯೊಳಗೆ, ಫ್ಯಾನೂ ಇಲ್ಲದೆ. ಈ ಚಿಕ್ಕವಳಿಗೆ ಅದರ ವಾಸನೆಗೆ ವಾಂತಿಯಾಗುತ್ತದೆ. ದೊಡ್ಡವಳು ಕತ್ತಲಲ್ಲಿ ಏಳುವುದು ಅದಕ್ಕೆ. ಸೀರೆ ಮಂಚದ ಕೆಳಗಿದೆ, ಈಗಷ್ಟೇ ತಾನೂ ಸೇರಿ ಅಡಗಿಸಿದ್ದು.

ಅತಿಥಿ ಕ್ಯಾಮೆರಾ ಕೆಳಗಿಳಿಸಿದರು. ರಾಕೇಶ್ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ. ದಿವ್ಯಾಳಿಗೆ ಇಂಗ್ಲಿಷ್ ತಿಳಿಯದಿದ್ದರೂ ಮಂಚದ ಕಡೆ ಹೋದ ಕಣ್ಣುಗಳು ತಿಳಿದವು, ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಿರಿಜಾ ಮಾತು ಮುಗಿಸಿ ಉಸಿರು ಬಿಟ್ಟಳು. ಎಲ್ಲ ಹೇಳಿಬಿಟ್ಟೆ ಎಂದುಕೊಂಡಳು, ಸ್ವಲ್ಪ ಹಗುರವೂ ಆಯಿತು.

ವರ್ಷಿಣಿ ಪುಸ್ತಕ ಮುಚ್ಚಿದಳು.

"ಬಾಗಿಲು ಯಾಕೆ ಮುಚ್ಚಿದ್ದು ಅಂತ ಹೇಳ್ಲಿಲ್ಲ ಆಂಟಿ."

ಗಿರಿಜಾ ಮತ್ತೆ ಅತಿಥಿಯ ಕಡೆ ತಿರುಗಿದಳು. ಅದನ್ನೂ ಇಂಗ್ಲಿಷಿನಲ್ಲೇ ಹೇಳಿದಳು. ಬಾಗಿಲು ಮುಚ್ಚಿಸಿದ್ದು ಹೊಸ್ತಿಲಲ್ಲಿ ಕಂಡ ಮಕ್ಕಳನ್ನು ಎಣಿಸಿ ಗುರುತು ಹಾಕುವ ನಿಯಮ, ಅದು ತನ್ನದು, ತಾನೇ ಬರೆದದ್ದು. ವರ್ಷಿಣಿ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದಳು, ಯಾವುದೂ ಬಿಟ್ಟುಹೋಗಲಿಲ್ಲವೆಂದು ಖಾತ್ರಿಯಾದ ಮೇಲೆ ತಂಗಿಯ ಬೋಗುಣಿ ತೊಳೆಯಲು ಹೊರಗೆ ಹೋದಳು.